ಪ್ರೊಸೆಕ್ಕೊ ಎಂಬ ಶಬ್ದಕ್ಕೆ ಒಡೆಯರು ಯಾರು?

ಇಟಲಿ ದೇಶದ ಈಶಾನ್ಯ ಭಾಗದಲ್ಲಿ ಸಿದ್ಧವಾಗಿ ಲೋಕದ ನಾನಾ ದೇಶಗಳಲ್ಲಿ ವಿಕ್ರಯವಾಗುವ, ಗುಳ್ಳೆಗಳೇಳುವ ಒಂದು ದ್ರಾಕ್ಷಾಮದ್ಯಕ್ಕೆ ಪ್ರೊಸೆಕ್ಕೊ ಎಂದು ಹೆಸರು. ಆ ಪಾನೀಯದ ಗುಣದೋಷವಿಚಾರ ಇಲ್ಲಿ ಪ್ರಸ್ತುತವಲ್ಲ. ಅದನ್ನು ಕಣ್ಣಿನಿಂದಲೂ ಕಾಣದವರಿಗೆ ಸಹ ವಿಚಾರಾರ್ಹವಾದುದು ಆ ಶಬ್ದದ ಗತಿ. ಶಬ್ದದ ಅರ್ಥವನ್ನು ನಿಶ್ಚಯಿಸುವವರು ಯಾರು? ಅದನ್ನಾಡುವ ಜನರೋ, ಅದರಿಂದ ಲಾಭ ಪಡೆಯುವ ವರ್ತಕರೋ, ವರ್ತಕರ ಮಾತಿಗೆ ಮುದ್ರೆಯೊತ್ತುವ ಸರಕಾರವೋ? 2009ರಲ್ಲಿ ಇಟಲಿಯ ಸರಕಾರವು ಈ ಪ್ರಶ್ನೆಗೆ ಕೊಟ್ಟ ಉತ್ತರ ಶಬ್ದನ್ಯಾಯಕ್ಕೂ ಲೋಕನ್ಯಾಯಕ್ಕೂ ವಿರುದ್ಧವಾದುದು.

ಮೊದಲು ಮೂಲವನ್ನು ನೋಡಬೇಕು. ತ್ರಿಯೆಸ್ತೆ ಪಟ್ಟಣದ ಬಳಿ ಪ್ರೊಸೆಕ್ಕೊ ಎಂಬ ಊರುಂಟು. ಸ್ಲೊವೇನಿಯದ ನುಡಿಯಲ್ಲಿ ಅದು ಪ್ರೊಸೆಕ್. ಕಾಡನ್ನು ಕಡಿದು ತೆರೆದ ದಾರಿ ಎಂಬುದೇ ಆ ಸ್ಲಾವ್ ಮಾತಿನ ಅರ್ಥವೆಂದು ಶಬ್ದಜ್ಞರು ಸಾಮಾನ್ಯವಾಗಿ ಹೇಳುವರು. ಹಾಗಾದರೆ ಇಟಲಿಯವರು ತಮ್ಮ ಸ್ವತ್ತೆನ್ನುವ ಶಬ್ದದ ಬೇರೇ ಇಟಲಿಯ ನುಡಿಯದಲ್ಲ! 1593ರಲ್ಲಿ ಆ ಸೀಮೆಯಲ್ಲಿ ಸಂಚರಿಸಿದ ಆಂಗ್ಲ ಯಾತ್ರಿಕ ಫೈನ್ಸ್ ಮೋರಿಸನ್ನನು, ಪ್ರಾಚೀನ ರೋಮಿನ ಪ್ಲಿನಿ ಹೊಗಳಿದ ಪುಕಿನುಮ್ ಮದ್ಯಕ್ಕೆ ಆಗ ಈ ಹೆಸರಿದ್ದುದಾಗಿ ಬರೆದಿದ್ದಾನೆ. ಅಂದು ಅದು ಊರಿನ ಮದ್ಯ. ಕಾಲಕ್ರಮದಲ್ಲಿ ಹೆಸರು ಪಡುವಣಕ್ಕೆ ಸಾಗಿ, ನೂರು ಕಿಲೋಮೀಟರಿಗೂ ಆಚೆಯ ಕೊನೆಲ್ಯಾನೊ, ವಾಲ್ದೊಬ್ಯಾದೆನೆ ಗುಡ್ಡಗಳಲ್ಲಿ ನೆಲೆಸಿ, ಬಳ್ಳಿಗೂ ಅದರ ಹಣ್ಣಿಗೂ ಅಂಟಿಕೊಂಡಿತು. ಮುಚ್ಚಿದ ದೊಡ್ಡ ಪಾತ್ರೆಯಲ್ಲಿ ಎರಡನೆಯ ಸಲ ಹುಳಿಯಿಸಿ ಗುಳ್ಳೆಯನ್ನು ಹಿಡಿದಿಡುವ ವಿಧಾನಕ್ಕೆ 1895ರಲ್ಲಿ ಮಾರ್ತಿನೊತ್ತಿ ಎಂಬವನು ಸ್ವಾಮ್ಯಪತ್ರ ಪಡೆದನು. 1907ರಲ್ಲಿ ಶಾರ್ಮಾ ಎಂಬವನು ಅದನ್ನು ಉತ್ತಮಪಡಿಸಿದನು. ಗುಳ್ಳೆಯ ಪ್ರೊಸೆಕ್ಕೊ ಲೋಕವ್ಯಾಪಿಯಾದುದು ಈ ವಿಧಾನದಿಂದ. ಗುಳ್ಳೆಯಿಲ್ಲದ ಪ್ರೊಸೆಕ್ಕೊ ಇಂದಿಗೂ ಉಂಟು.

ದಾರಿ, ಊರು, ಮದ್ಯ, ಬಳ್ಳಿ, ಗುಳ್ಳೆಯ ಪಾನೀಯ—ಒಂದೇ ಶಬ್ದಕ್ಕೆ ಐದು ಅರ್ಥಗಳು! ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅವಯವಗಳಿಂದ ಹುಟ್ಟುವ ಅರ್ಥ ಯೋಗ. ಜನರ ಬಳಕೆಯಿಂದ ನಿಲ್ಲುವ ಅರ್ಥ ರೂಢಿ. ಕುಶಲನೆಂದರೆ ಮೂಲದಲ್ಲಿ ದರ್ಭೆಯನ್ನು ಕೊಯ್ದು ತರುವವನು. ಇಂದು ಕುಶಲನಾದ ವೈದ್ಯನ ಕೈಯಲ್ಲಿ ದರ್ಭೆಯನ್ನು ಹುಡುಕುವವರಿಲ್ಲ. ಕೆಸರಿನಲ್ಲಿ ಹುಟ್ಟಿದ ಕಪ್ಪೆಯನ್ನು ಪಂಕಜವೆನ್ನುವವರೂ ಇಲ್ಲ. ಯೋಗಕ್ಕಿಂತ ರೂಢಿಯೇ ಬಲವತ್ತರವೆಂಬುದು ಶಾಸ್ತ್ರಜ್ಞರಿಗೆಲ್ಲ ಸಮ್ಮತವಾದ ಮಾತು. ಆ ರೂಢಿಯಾದರೋ ಯಾವ ಆಸ್ಥಾನದ ಅಪ್ಪಣೆಯಿಂದಲೂ ಹುಟ್ಟಿದುದಲ್ಲ.

ಈಗ 2009ರ ಕಾರ್ಯವನ್ನು ಪರೀಕ್ಷಿಸೋಣ. ಊರಿನ ಹೆಸರಾದರೆ ಕಾಯಿದೆಯ ರಕ್ಷಣೆ ದೊರೆಯುತ್ತದೆ. ಬಳ್ಳಿಯ ಜಾತಿಯ ಹೆಸರಾದರೆ ಅದನ್ನು ಎಲ್ಲಿ ಬೇಕಾದರೂ ಬೆಳೆದು ಆ ಹೆಸರಿನಿಂದ ಮಾರಬಹುದು. ಇದನ್ನು ಕಂಡ ಅಧಿಕಾರಿಗಳು ಎರಡು ಕೆಲಸ ಮಾಡಿದರು. ಬಳ್ಳಿಯಿಂದ ಪ್ರೊಸೆಕ್ಕೊ ಎಂಬ ಹೆಸರನ್ನು ಕಿತ್ತು, ಹಳೆಯ ಉಪನಾಮವಾದ ಗ್ಲೇರಾ ಎಂಬುದನ್ನು ತೊಡಿಸಿದರು. ಆಮೇಲೆ ಮದ್ಯದ ಸೀಮೆಯನ್ನು ವೆನೆತೊ, ಫ್ರಿಯುಲಿ ಪ್ರಾಂತಗಳ 9 ಜಿಲ್ಲೆಗಳಿಗೆ ಹಿಗ್ಗಿಸಿ, ತ್ರಿಯೆಸ್ತೆಯ ಆ ಸಣ್ಣ ಊರನ್ನು ಅದರೊಳಗೆ ಸೇರಿಸಿಕೊಂಡರು. ಊರಿಗಾಗಿ ಹೆಸರನ್ನು ಕಾಯ್ದುದಲ್ಲ. ಹೆಸರಿಗಾಗಿ ಊರನ್ನು ಎಳೆತಂದುದು!

ಇದಕ್ಕೆ ಪೂರ್ವಪಕ್ಷವುಂಟು. ಬೇರೆ ದೇಶದವರು ಇದೇ ಹೆಸರಿನಿಂದ ಕೀಳು ಸರಕನ್ನು ಮಾರಿದರೆ ಕಡಿದಾದ ಗುಡ್ಡಗಳಲ್ಲಿ ಬೆವರು ಸುರಿಸುವ ರೈತನ ಗತಿಯೇನು ಎನ್ನುವರು. ಮಾತು ನ್ಯಾಯವಾದುದೇ, ವಂಚನೆಯನ್ನು ದಂಡಿಸಲೇಬೇಕು. ಆದರೆ ಆ ಗುಡ್ಡಗಳಿಗೆ ಕೊನೆಲ್ಯಾನೊ, ವಾಲ್ದೊಬ್ಯಾದೆನೆ ಎಂಬ ಸ್ವಂತ ಹೆಸರುಗಳಿವೆ. 1969ರಿಂದಲೇ ಅವುಗಳಿಗೆ ಕಾಯಿದೆಯ ಮನ್ನಣೆಯಿದೆ. 2019ರಲ್ಲಿ ಯುನೆಸ್ಕೊ ಸಂಸ್ಥೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದುದು ಆ ಗುಡ್ಡಗಳನ್ನೇ. ಆ ಹೆಸರುಗಳನ್ನು ಕಾದರೆ ರೈತನ ರಕ್ಷಣೆಯಾಗದೆ? 9 ಜಿಲ್ಲೆಗಳ ಬಯಲಿಗೆಲ್ಲ ಹೆಸರನ್ನು ಹರಡಿದುದರಿಂದ ಗುಡ್ಡದ ರೈತನಿಗೆ ಬಂದ ವಿಶೇಷ ಲಾಭವಾದರೂ ಯಾವುದು? ಇತ್ತ ಆಸ್ಟ್ರೇಲಿಯದ ಕಿಂಗ್ ಕಣಿವೆಯಲ್ಲಿ ಇಟಲಿ ಮೂಲದ ಕುಟುಂಬಗಳು 2009ಕ್ಕೆ ಮೊದಲೇ ಪ್ರೊಸೆಕ್ಕೊ ಎಂಬ ಹೆಸರಿನಿಂದಲೇ ಆ ಬಳ್ಳಿಯನ್ನು ನೆಟ್ಟಿದ್ದವು. ನೆಟ್ಟಂದು ಸಾಧುವಾಗಿದ್ದ ಮಾತು ಫಲ ಬಂದಂದು ಕಳವೆನಿಸುವುದು ಯಾವ ನ್ಯಾಯ?

ಇದಕ್ಕಿಂತಲೂ ದುಃಖಕರವಾದುದು ಕ್ರೊಯೇಷಿಯದ ದಾಲ್ಮಾತಿಯ ಕರಾವಳಿಯವರ ಪಾಡು. ಅವರಲ್ಲಿ ಪ್ರೊಶೆಕ್ ಎಂಬ ಸಾಂಪ್ರದಾಯಿಕ ಮದ್ಯವುಂಟು. ಅದು ಒಣಗಿಸಿದ ದ್ರಾಕ್ಷಿಯದು, ಸಿಹಿಯಾದುದು, ಗುಳ್ಳೆಯಿಲ್ಲದುದು. ಇಟಲಿಯ ಪಾನೀಯಕ್ಕೂ ಇದಕ್ಕೂ ಧ್ವನಿಸಾಮ್ಯದ ಹೊರತು ಬೇರೆ ನಂಟಿಲ್ಲ. ಆದರೂ 2013ರಲ್ಲಿ ಕ್ರೊಯೇಷಿಯ ಯುರೋಪಿನ ಒಕ್ಕೂಟವನ್ನು ಸೇರಿದಾಗ ಆ ಹೆಸರನ್ನು ಶೀಸೆಯ ಮೇಲೆ ಅಚ್ಚುಹಾಕುವ ಹಕ್ಕು ತಪ್ಪಿತು. 2021ರಲ್ಲಿ ಅವರ ಮನವಿ ಪ್ರಕಟವಾದಾಗ ಇಟಲಿ ಪ್ರಬಲವಾಗಿ ಎದುರುನಿಂತಿತು. ಸೈಂಧವವೆಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಎರಡೂ ಸಿಂಧೂದೇಶದ ಹೆಸರನ್ನೇ ಹೊತ್ತವು. ಊಟದ ಎಲೆಯ ಮುಂದೆ ಕುಳಿತವನು ಸೈಂಧವವನ್ನು ಕೇಳಿದರೆ ಕುದುರೆಯನ್ನು ಹಿಡಿದುತರುವ ಮೂಢನಿಲ್ಲ. ಒಂದೇ ಶಬ್ದದ ಎರಡು ಅರ್ಥಗಳನ್ನು ಪ್ರಕರಣದಿಂದ ತಿಳಿಯಬಲ್ಲ ಮನುಷ್ಯನು ಎರಡು ಬೇರೆ ಶಬ್ದಗಳಲ್ಲಿ ಭ್ರಾಂತನಾಗುವನೆಂಬುದು ಗ್ರಾಹಕನ ಬುದ್ಧಿಗೆ ಮಾಡಿದ ಅವಮಾನ.

ಕನ್ನಡನಾಡಿಗೂ ಈ ಪಾಠ ದೂರದ್ದಲ್ಲ. 1999ರ ಭಾರತೀಯ ಶಾಸನ 2003ರಲ್ಲಿ ಜಾರಿಗೆ ಬಂದ ಮೇಲೆ ನಂಜನಗೂಡು ರಸಬಾಳೆಗೆ ರಕ್ಷಣೆ ದೊರೆತಿದೆ; ಅದು ಯುಕ್ತವೇ. ನಂಜನಗೂಡು ಊರು, ರಸಬಾಳೆ ಬಾಳೆಯ ಜಾತಿ. ನಾಳೆ ಯಾರಾದರೂ ಆ ಬಾಳೆಗೆ ಹೊಸ ಹೆಸರಿಟ್ಟು, ಬೇರೆ ಊರಿನವನು ತನ್ನ ಹಿತ್ತಿಲ ಗೊನೆಯನ್ನು ರಸಬಾಳೆಯೆನ್ನಬಾರದೆಂದು ವಿಧಿಸಿದರೆ ಕನ್ನಡಿಗರು ಒಪ್ಪುವರೆ? ಊರಿನ ಹೆಸರು ಊರಿನವರ ದುಡಿಮೆಗೆ ಸಾಕ್ಷಿ. ಅದನ್ನು ಸರಕಾರ ಕಾಯಲಿ. ಜಾತಿಯ ಹೆಸರು ಆಡುವವರೆಲ್ಲರ ಸ್ವತ್ತು. ಅದಕ್ಕೆ ಬೇಲಿ ಹಾಕುವ ಅಧಿಕಾರ ಯಾವ ಸರಕಾರಕ್ಕೂ ಇಲ್ಲ.