ಚಾಲಕನು ಪ್ರಜ್ಞೆತಪ್ಪಿದರೆ?

ಸಣ್ಣ ಖಾಸಗಿ ವಿಮಾನಗಳನ್ನು ಒಬ್ಬನೇ ಚಾಲಕನು ನಡೆಸುವುದು ಎಲ್ಲ ದೇಶಗಳಲ್ಲಿಯೂ ವಾಡಿಕೆಯಾಗಿದೆ. ಆ ಒಬ್ಬನಿಗೆ ಆಕಾಶಮಧ್ಯದಲ್ಲಿ ಹೃದ್ರೋಗವೋ ಮೂರ್ಛೆಯೋ ಸಂಭವಿಸಿದರೆ ಪಕ್ಕದಲ್ಲಿ ಕುಳಿತವರ ಗತಿಯೇನು? ಈ ಪ್ರಶ್ನೆಗೆ ಅಧಿಕಾರಿಗಳು ಕೊಡುತ್ತ ಬಂದಿರುವ ಮುಖ್ಯ ಉತ್ತರವು ವೈದ್ಯಪರೀಕ್ಷೆ. ಆ ಉತ್ತರವು ಸಾಲದೆಂದು ನಾವು ಭಾವಿಸುತ್ತೇವೆ.

2022ನೆಯ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಬ್ಲಾಕ್‌ಪೂಲ್ ನಿಲ್ದಾಣದಿಂದ ಚಾಲಕನೊಬ್ಬನು ಗಾಳಿ ಹೆಚ್ಚಾಗಿದ್ದುದರಿಂದ ರಕ್ಷಣೆಗೆಂದು ಅನುಭವಿಯಾದ ಶಿಕ್ಷಕನೊಬ್ಬನನ್ನು ಜತೆಗೆ ಕೂರಿಸಿಕೊಂಡು ಹೊರಟನು. ವಿಮಾನವು ಮೇಲೇರಿದ ಸ್ವಲ್ಪ ಹೊತ್ತಿನಲ್ಲಿಯೇ ಶಿಕ್ಷಕನ ತಲೆ ವಾಲಿತು. ಗೆಳೆಯನು ನಿದ್ರೆಯ ನಟನೆಮಾಡಿ ಹಾಸ್ಯಮಾಡುತ್ತಿರುವನೆಂದೇ ಚಾಲಕನು ತಿಳಿದನು. ತಿರುವಿನಲ್ಲಿ ಆ ತಲೆ ತನ್ನ ಭುಜದ ಮೇಲೆ ಬಿದ್ದಾಗಲೂ ಹಾಗೆಯೇ ತಿಳಿದನು. ನೆಲಕ್ಕಿಳಿದ ಮೇಲೆಯೇ ನಿಜಸ್ಥಿತಿ ಗೊತ್ತಾದುದು. ರಕ್ಷಣೆಗೆಂದು ಕರೆತಂದವನೇ ಹೃದಯಸ್ತಂಭನದಿಂದ ತೀರಿಹೋಗಿದ್ದನು. ಚುಕ್ಕಾಣಿಯು ಮತ್ತೊಬ್ಬನ ಕೈಯಲ್ಲಿದ್ದುದರಿಂದ ಒಂದು ಜೀವವಾದರೂ ಉಳಿಯಿತು.

ಪರೀಕ್ಷೆಯ ದಿನದ ನಾಡಿಯನ್ನು ವೈದ್ಯನು ಹೇಳಬಲ್ಲನಲ್ಲದೆ ಮುಂದಿನ ತಿಂಗಳಿನದನ್ನು ಹೇಳಲಾರನು. ಅಮೆರಿಕಾದಲ್ಲಿಯಂತೂ 2017ರಿಂದೀಚೆಗೆ ಅನೇಕ ಖಾಸಗಿ ಚಾಲಕರಿಗೆ ನಾಲ್ಕು ವರುಷಕ್ಕೊಮ್ಮೆ ಸಾಮಾನ್ಯ ವೈದ್ಯರಿಂದ ಪರೀಕ್ಷೆಯಾದರೆ ಸಾಕೆಂದು ನಿಯಮವನ್ನು ಸಡಿಲಿಸಿದ್ದಾರೆ. ಹಾಗೆಂದು ಪರೀಕ್ಷೆಯನ್ನು ವಿಪರೀತ ಬಿಗಿಮಾಡಿದರೆ, ಲೈಸೆನ್ಸು ಹೋದೀತೆಂಬ ಭಯದಿಂದ ರೋಗವನ್ನು ಮುಚ್ಚಿಡುವವರೇ ಹೆಚ್ಚಾದಾರು.

ಜೀವವುಳಿದ ಪ್ರಸಂಗಗಳನ್ನು ನೋಡಿದರೆ ಮತ್ತೊಂದು ದಾರಿ ಕಾಣುತ್ತದೆ. 2013ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ಚಾಲಕನು ಕುಸಿದುಬೀಳಲು, ವಿಮಾನವನ್ನು ಎಂದೂ ನಡೆಸದಿದ್ದ ಎಪ್ಪತ್ತೇಳು ವಯಸ್ಸಿನ ಪ್ರಯಾಣಿಕನು ಕತ್ತಲು ಕವಿಯುತ್ತಿದ್ದಾಗ ಹಂಬರ್‌ಸೈಡ್ ನಿಲ್ದಾಣದಲ್ಲಿ ನಾಲ್ಕನೆಯ ಯತ್ನದಲ್ಲಿ ಅದನ್ನಿಳಿಸಿದನು. 2022ರ ಮೇ ತಿಂಗಳಲ್ಲಿ ಬಹಾಮಾ ದ್ವೀಪಗಳಿಂದ ಫ್ಲಾರಿಡಾಕ್ಕೆ ಬರುತ್ತಿದ್ದ ಸೆಸ್ನಾ ವಿಮಾನದಲ್ಲಿಯೂ ಹೀಗೆಯೇ ಆಯಿತು. ಪಾಮ್ ಬೀಚಿನ ನಿಯಂತ್ರಣಾಧಿಕಾರಿಯೊಬ್ಬರು ಆ ಜಾತಿಯ ವಿಮಾನವನ್ನು ತಾವೆಂದೂ ನಡೆಸದಿದ್ದರೂ ಅದರ ಉಪಕರಣಫಲಕದ ಚಿತ್ರವನ್ನು ಮುಂದಿಟ್ಟುಕೊಂಡು ರೇಡಿಯೋದಲ್ಲಿ ಹೇಳುತ್ತ ಹೋದರು. ಪ್ರಯಾಣಿಕನು ಹೇಳಿದಂತೆ ಮಾಡಿದನು. ಚಾಲಕನೂ ಬದುಕಿಕೊಂಡನು.

ಒಂದು ಗುಂಡಿಯನ್ನೊತ್ತಿದರೆ ವಿಮಾನವು ತಾನೇ ನಿಲ್ದಾಣವನ್ನಾರಿಸಿ, ಇಳಿದು, ಎಂಜಿನನ್ನು ನಿಲ್ಲಿಸುವ ಯಂತ್ರಕ್ಕೆ 2020ರಲ್ಲಿ ಅಮೆರಿಕಾದ ಅಧಿಕಾರಿಗಳು ಒಪ್ಪಿಗೆ ಕೊಟ್ಟರು. ಗಾರ್ಮಿನ್ ಕಂಪೆನಿಯ ಈ ನಿರ್ಮಾಣವು ಶ್ಲಾಘ್ಯವೇ ಸರಿ. ಆದರೆ ಅದು ಲಕ್ಷಾಧೀಶರ ಹೊಸ ವಿಮಾನಗಳಿಗೆ ದೊರೆತಷ್ಟು ಸುಲಭವಾಗಿ ಕ್ಲಬ್ಬುಗಳ ಹಳೆಯ ವಿಮಾನಗಳಿಗೆ ದೊರೆಯುವಂತಿಲ್ಲ.

ಆದುದರಿಂದ ಖಾಸಗಿ ವಿಮಾನದ ಮುಂದಿನ ಪೀಠದಲ್ಲಿ ಪದೇ ಪದೇ ಕೂರುವ ಪತ್ನಿಗಾಗಲಿ ಮಿತ್ರನಿಗಾಗಲಿ ಕೆಲವು ಗಂಟೆಗಳ ಶಿಕ್ಷಣವನ್ನು ಕಡ್ಡಾಯವಾಗಿ ಕೊಡತಕ್ಕದ್ದೆಂದು ನಮ್ಮ ಸೂಚನೆ. ರೆಕ್ಕೆಗಳನ್ನು ಸಮವಾಗಿ ಹಿಡಿಯುವುದು, ಸ್ವಯಂಚಾಲಕವನ್ನು ಹಾಕುವುದು, 121.5 ಎಂಬ ಸಂಕಟದ ಕಂಪನಾಂಕದಲ್ಲಿ ಮಾತನಾಡುವುದು, ಇಷ್ಟಾದರೆ ಉಳಿದುದನ್ನು ನೆಲದ ಮೇಲಿನವರು ಹೇಳಿಕೊಡಬಲ್ಲರು. ಅಮೆರಿಕಾದ ಚಾಲಕರ ಸಂಘವು ಇಂಥ ಪಾಠವನ್ನು ಇಚ್ಛೆಯುಳ್ಳವರಿಗೆ ಕಲಿಸಿದೆ. ಅರೆವಿದ್ಯೆ ಅಪಾಯಕರವೆಂದು ಕೆಲವರು ಆಕ್ಷೇಪಿಸಬಹುದು. ಅಂಥ ಹೊತ್ತಿನಲ್ಲಿ ವಿದ್ಯೆಯೇ ಇಲ್ಲದಿರುವುದು ಹೇಗೆ ಕ್ಷೇಮಕರವೆಂಬುದನ್ನು ಅವರೇ ವಿವರಿಸಬೇಕು. ನಮ್ಮ ದೇಶದ ವಾಯುಯಾನ ನಿರ್ದೇಶನಾಲಯದವರು ಖಾಸಗಿ ಲೈಸೆನ್ಸಿನ ನಿಯಮಗಳನ್ನು ಮುಂದೆ ತಿದ್ದುವಾಗ ಈ ಒಂದು ಅಂಶವನ್ನು ಸೇರಿಸುವರೆಂದು ಹಾರೈಸುತ್ತೇವೆ.