ಬಡವಿಯ ಗರ್ಭಕೋಶಕ್ಕೆ ಕತ್ತರಿಯೊಂದೇ ಮದ್ದೇ?

ಊರ ಗೌಡ್ತಿಗೂ ಕೇರಿಯ ಕೂಲಿಯವಳಿಗೂ ಗರ್ಭಕೋಶದ ಗಡ್ಡೆ ಬೆಳೆಯೋದು ಒಂದೇ ಥರ. ಗಡ್ಡೆಗೆ ಜಾತಿ ಗೊತ್ತಿಲ್ಲ. ಚಿಕಿತ್ಸೆಗೆ ಚೆನ್ನಾಗಿ ಗೊತ್ತಿದೆ! ಉಳ್ಳವಳಿಗೆ ಡಾಕ್ಟರು ನಾಲ್ಕು ದಾರಿ ಹೇಳ್ತಾರೆ. ಕೂಲಿಯವಳಿಗೆ ಒಂದೇ ಮಾತು: "ಚೀಲ ತೆಗೆಸಿಬಿಡವ್ವ, ಇಲ್ಲಾಂದ್ರೆ ಕ್ಯಾನ್ಸರ್ ಆಗ್ತದೆ."

ಹಸಿ ಸುಳ್ಳು. ಫೈಬ್ರಾಯ್ಡ್ ಅನ್ನೋದು ಗರ್ಭಕೋಶದ ಸ್ನಾಯುವಿನ ಗಂಟು. ಅದರಲ್ಲಿ ಕ್ಯಾನ್ಸರ್ ಇರುವುದು ಅತಿ ಅಪರೂಪ. ತೊಂದರೆ ಕೊಡದ ಗಡ್ಡೆಗೆ ಚಿಕಿತ್ಸೆಯೇ ಬೇಡ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ರಕ್ತ ಹೆಚ್ಚು ಹೋಗುತ್ತಿದ್ದರೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯಿದೆ. ಹಾರ್ಮೋನು ಬಿಡುವ ವಂಕಿಯಿದೆ. ರಕ್ತಹೀನತೆಗೆ ಕಬ್ಬಿಣದ ಮಾತ್ರೆಯಿದೆ. ಗರ್ಭಕೋಶ ಉಳಿಸಿ ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್ ಇದೆ. ಗಡ್ಡೆಗೆ ರಕ್ತ ಒಯ್ಯುವ ನಾಳ ಮುಚ್ಚಿ ಅದನ್ನು ಕುಗ್ಗಿಸುವ ವಿಧಾನವೂ ಇದೆ. ಇವು ಒಗ್ಗದಿದ್ದಾಗ, ಎಲ್ಲ ತಿಳಿದು ಅವಳೇ ಒಪ್ಪಿದರೆ, ಗರ್ಭಕೋಶ ತೆಗೆಯಲಿ. ಕೆಲವರಿಗೆ ಅದರಿಂದಲೇ ನೆಮ್ಮದಿ. ಆದರೆ ಮೊದಲ ಮಾತೇ ಕತ್ತರಿಯಾದರೆ ಅದನ್ನು ವ್ಯಾಪಾರ ಅನ್ನದೆ ಇನ್ನೇನನ್ನಬೇಕು?

ಕಲಬುರಗಿ ಜಿಲ್ಲೆಯಲ್ಲಿ ಏನಾಯ್ತು? ಕೆಲವೇ ಖಾಸಗಿ ಆಸ್ಪತ್ರೆಗಳಲ್ಲಿ 2,000ಕ್ಕೂ ಹೆಚ್ಚು ಗರ್ಭಕೋಶ ತೆಗೆದದ್ದು 2015ರಲ್ಲಿ ಬಯಲಾಯಿತು. ಅವರಲ್ಲಿ ಲಂಬಾಣಿ, ದಲಿತ ಹೆಂಗಸರು ಬಹಳ. ನಲವತ್ತು ದಾಟದವರೂ ಬಹಳ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರ ಸರ್ಕಾರಿ ಸಮಿತಿ ಸುಮಾರು 82,000 ಕಬ್ಬು ಕಡಿಯುವ ಹೆಂಗಸರನ್ನು ವಿಚಾರಿಸಿತು. 13,000ಕ್ಕೂ ಹೆಚ್ಚು ಮಂದಿಗೆ ಗರ್ಭಕೋಶವೇ ಇರಲಿಲ್ಲ. ಅಲ್ಲಿ ಒಂದು ದಿನ ಕೆಲಸ ತಪ್ಪಿದರೆ ಮುಕಾದಮ ದಂಡ ಹಾಕುತ್ತಾನೆ. ಮುಟ್ಟಿಗೆ ರಜೆ ಕೊಡದವರು ಮುಟ್ಟನ್ನೇ ಕತ್ತರಿಸಿ ಹಾಕಿದರು!

ಜೊತೆಗೆ ಅಂಡಾಶಯವನ್ನೂ ತೆಗೆದರೆ ಹರೆಯದಲ್ಲೇ ಮುಟ್ಟು ನಿಂತ ದೇಹ. ಮೂಳೆ ಸವೆಯುತ್ತದೆ. ಸಾಲ ಮಾತ್ರ ಸವೆಯೋದಿಲ್ಲ.

ಅನಗತ್ಯ ಗರ್ಭಕೋಶ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು 2023ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಿತು. ಆ ಕಾಗದ ನಮ್ಮ ತಾಂಡಾ, ಕೇರಿಗಳಿಗೆ ನಡೆದುಕೊಂಡು ಬರೋದಿಲ್ಲ. ನಾವೇ ಒಯ್ಯಬೇಕು.

ಮೇಷ್ಟ್ರೇ, ಹುಡುಗರೇ, ಕೇರಿಯ ಅವ್ವಂದಿರಿಗೆ ಮೂರು ಪ್ರಶ್ನೆ ಕಲಿಸಿ. ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು? ಮಾತ್ರೆಯಲ್ಲಿ ತಡೆಯಲಾಗದೇ? ಇನ್ನೊಬ್ಬ ಡಾಕ್ಟರಿಗೆ ತೋರಿಸಲೇ? ಸ್ಕ್ಯಾನಿಂಗ್ ಚೀಟಿಯನ್ನು ಕೈಗೆ ಕೇಳಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಸ್ತ್ರೀರೋಗದ ಡಾಕ್ಟರಿಲ್ಲವೇ? ಅದರ ಬಾಗಿಲಲ್ಲೇ ಧರಣಿ ಕೂರೋಣ. ಅವಳ ಒಡಲು ಅವಳದು. ತೀರ್ಮಾನವೂ ಅವಳದೇ ಆಗಲಿ.