ವೈದ್ಯೆಯೋ, ವೈದ್ಯಸಹಾಯಕಿಯೋ?

ಕಳೆದ ವಾರ ನಮ್ಮ ತಿತಿಮತಿಯ ಕಾಫಿ ಬೆಳೆಗಾರರೊಬ್ಬರು ಮಗಳೊಡನೆ ಬಂದು ಜಗಲಿಯ ಮೇಲೆ ಕುಳಿತರು. "ಮೇಷ್ಟ್ರೆ, ಇವಳಿಗೆ ನೀಟ್ ಪರೀಕ್ಷೆಯಲ್ಲಿ ಸರಕಾರಿ ಸೀಟು ದೊರೆಯುವಷ್ಟು ಅಂಕ ಬರಲಿಲ್ಲ. ಫಿಸಿಷಿಯನ್ ಅಸಿಸ್ಟೆಂಟ್ ಎಂಬ ಓದು ಇದೆಯಂತೆ. ಮೊದಲು ಅದಕ್ಕೆ ಸೇರಿಸಿ, ಆಮೇಲೆ ಮೇಲೇರಿಸಿ ಡಾಕ್ಟರು ಮಾಡೋಣವೆಂದಿದ್ದೇನೆ. ಆಗದಿದ್ದರೆ ಅರ್ಧ ತೋಟ ಮಾರಿ ಖಾಸಗಿ ಕಾಲೇಜು" ಎಂದರು. ಹುಡುಗಿ ತುಟಿ ಬಿಚ್ಚಲಿಲ್ಲ.

ಇಂಥ ಪ್ರಶ್ನೆ ಅನೇಕರ ಮನೆಗಳಲ್ಲಿ ಎದ್ದಿರಬಹುದಾದುದರಿಂದ, ಅವರಿಗೆ ಹೇಳಿದುದನ್ನೇ ಇಲ್ಲಿ ಬರೆಯುತ್ತೇನೆ.

"ಮೇಲೇರಿಸುವ" ಮಾತು ಹಳೆಯ ಕಾಲದ್ದು. ಹಿಂದೆ ಎಲ್.ಎಂ.ಪಿ. ಎಂಬ ಕಿರಿಯ ವೈದ್ಯವ್ಯಾಸಂಗವಿದ್ದಿತು. ಅದನ್ನು ಮುಗಿಸಿದವರು ಸ್ವತಂತ್ರವಾಗಿ ಚಿಕಿತ್ಸೆ ನಡೆಸುತ್ತಿದ್ದರು. ಕೆಲವರು ಮುಂದೆ ಸಂಕ್ಷಿಪ್ತ ಪಾಠಕ್ರಮದಿಂದ ಎಂ.ಬಿ.ಬಿ.ಎಸ್. ಕೂಡ ಆದರು. ದೇಶಕ್ಕೆಲ್ಲ ಒಂದೇ ದರ್ಜೆಯ ವೈದ್ಯರು ಸಾಕೆಂದು ಭೋರ್ ಸಮಿತಿಯು ೧೯೪೬ರಲ್ಲಿ ಸೂಚಿಸಿತು. ಕ್ರಮೇಣ ಆ ಏಣಿಯೂ ಇಲ್ಲವಾಯಿತು. ಇಂದಿನ ಸಹಾಯಕ ವ್ಯಾಸಂಗವು ಅದರ ಪುನರ್ಜನ್ಮವಲ್ಲ. ೧೯೬೫ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿ, ೧೯೯೨ರಲ್ಲಿ ಮದರಾಸಿಗೆ ಬಂದ ಬೇರೆಯೇ ವೃತ್ತಿ ಅದು. ನಮ್ಮ ದೇಶದ ೨೦೨೧ರ ಶಾಸನವೊಂದು ಅದನ್ನು ಹೆಸರಿಸಿ ಮನ್ನಿಸಿದೆ. ರೋಗಿಯ ವೃತ್ತಾಂತವನ್ನು ಕೇಳಿ ಬರೆಯುವುದು, ಪರೀಕ್ಷಿಸುವುದು, ಶಸ್ತ್ರಚಿಕಿತ್ಸೆಯಲ್ಲಿ ಕೈಗೂಡಿಸುವುದು ಮುಂತಾದ ಕಾರ್ಯಗಳೆಲ್ಲವೂ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ನಡೆಯತಕ್ಕವು. ಸ್ವಂತ ದವಾಖಾನೆ ತೆರೆಯುವಂತಿಲ್ಲ. ಡಾಕ್ಟರಾಗಬೇಕೆಂದರೆ ಮರಳಿ ನೀಟ್ ಬರೆದು ಮೊದಲನೆಯ ವರ್ಷದಿಂದಲೇ ಆರಂಭಿಸಬೇಕು. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಆಸ್ಪತ್ರೆಯ ಸೇವೆ.

ಹಾಗೆಂದು ಸಹಾಯಕರು ಕೀಳೆಂದು ನಾನು ಹೇಳೆನು. ಚರಕನು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ಪರಿಚಾರಕನಿಗೂ ತಿಳಿವು, ದಕ್ಷತೆ, ಅನುರಾಗ, ಶುಚಿತ್ವಗಳನ್ನು ವಿಧಿಸಿದ್ದಾನೆ. ದೊಡ್ಡ ಆಸ್ಪತ್ರೆಗಳಲ್ಲಿ ಒಳ್ಳೆಯ ಸಹಾಯಕರಿಲ್ಲದೆ ಶಸ್ತ್ರವೈದ್ಯರ ದಿನವೇ ಸಾಗದು. ಆದರೆ ಮನಸ್ಸಿನಲ್ಲಿ ಡಾಕ್ಟರಾಗುವ ಹಂಬಲವನ್ನಿಟ್ಟುಕೊಂಡು ಆ ಕೆಲಸಕ್ಕೆ ಹೋದವರು ಎರಡು ಕಡೆಯೂ ಸುಖವಾಗಿರಲಾರರು.

ಆದುದರಿಂದ ನಾನು ಹುಡುಗಿಯನ್ನೇ ಕೇಳಿದೆ: "ಮಗು, ಆನೆ ತುಳಿದವನೊಬ್ಬನನ್ನು ಹಾಡಿಯಿಂದ ನಡುರಾತ್ರಿ ಹೊತ್ತು ತಂದರೆ, ಹೀಗೆ ಮಾಡಿರೆಂದು ಹೇಳುವವಳಾಗುವೆಯೋ, ಹೇಳಿದುದನ್ನು ಚೆನ್ನಾಗಿ ಮಾಡುವವಳಾಗುವೆಯೋ?"

"ತಪ್ಪಿದರೆ ತಪ್ಪು ನನ್ನದೇ ಅಲ್ಲವೆ, ಮೇಷ್ಟ್ರೆ? ಆದರೂ ಹೇಳುವವಳೇ ಆಗಬೇಕು" ಎಂದಳು.

ತಪ್ಪನ್ನು ಮೊದಲು ನೆನೆದಳೆಂಬುದೇ ನನಗೆ ಹಿಡಿಸಿತು. ತೋಟ ಮಾರಬೇಡಿರಿ, ಇನ್ನೊಂದು ವರ್ಷ ಓದಿಸಿರಿ, ಮಡಿಕೇರಿಯಲ್ಲಿಯೇ ೨೦೧೬ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ, ಆಗಲೂ ಸೀಟು ದೊರೆಯದಿದ್ದರೆ ಇವಳೇ ಮನಸಾರೆ ಒಪ್ಪಿದ ಮೇಲೆ ಸಹಾಯಕ ವ್ಯಾಸಂಗವನ್ನು ಯೋಚಿಸೋಣ ಎಂದೆನು.

"ಒಂದು ವರ್ಷ ಹಾಳಾಗುವುದಲ್ಲ?" ಎಂದರು ತಂದೆ.

ಕಾಫಿ ಗಿಡ ನೆಟ್ಟು ಮೊದಲ ಫಸಲಿಗೆ ಮೂರು ನಾಲ್ಕು ವರ್ಷ ಕಾಯುವವರ ಬಾಯಲ್ಲಿ ಈ ಮಾತು! ನಾನು ನಕ್ಕುಬಿಟ್ಟೆ, ಅವರೂ ನಕ್ಕರು. ಭೌತಶಾಸ್ತ್ರದಲ್ಲಿ ಅವಳು ಹಿಂದೆ ಬಿದ್ದಿರುವಳಂತೆ. ಅದು ಈ ಸಂಸ್ಕೃತದ ಮೇಷ್ಟ್ರಿಂದ ಆಗುವ ಕೆಲಸವಲ್ಲ; ಗೋಣಿಕೊಪ್ಪಲಿನಲ್ಲಿ ಪಾಠ ಹೇಳುವವರನ್ನು ವಿಚಾರಿಸಬೇಕಾಗಿದೆ.